ಮಿದುಳು–ಕಂಪ್ಯೂಟರ್ ಸಂಪರ್ಕದಲ್ಲಿ ಸ್ಪರ್ಶಜ್ಞಾನ: ಚರಿತ್ರೆ

ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆಯನ್ನು ಗ್ರಹಿಸಿ, ಅದನ್ನು ಕಂಪ್ಯೂಟರಿನ ಮೂಲಕ ಯಂತ್ರವೊಂದಕ್ಕೆ ಕೊಡುವ ಆದೇಶವನ್ನಾಗಿ ಮಾರ್ಪಡಿಸುವ ಏರ್ಪಾಡಿಗೆ ಮಿದುಳು–ಕಂಪ್ಯೂಟರ್ ಸಂಪರ್ಕವೆಂದು ಹೆಸರು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಜಾಕ್ ವಿದಾಲ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ಇದರಲ್ಲಿ ಸ್ಪರ್ಶಕ್ಕೆ ಎರಡು ಬಗೆಯ ಪಾತ್ರವುಂಟು. ಚರ್ಮದ ಮೇಲೆ ಕಂಪನ ಹುಟ್ಟಿಸಿ, ಅದಕ್ಕೆ ಮಿದುಳು ಕೊಡುವ ಪ್ರತಿಕ್ರಿಯೆಯಿಂದ ಬಳಕೆದಾರನ ಆಯ್ಕೆಯನ್ನು ತಿಳಿಯುವುದು ಒಂದು. ಯಂತ್ರದ ಕೈಗೆ ತಗುಲಿದ್ದನ್ನು ಬಳಕೆದಾರನ ಮಿದುಳಿಗೆ ಮರಳಿ ಮುಟ್ಟಿಸುವುದು ಇನ್ನೊಂದು. ಎರಡನೆಯದು ಹೆಚ್ಚು ಕಷ್ಟದ್ದು, ಹೆಚ್ಚು ಬೆಲೆಯುಳ್ಳದ್ದೂ ಹೌದು.

ಕೆಲಸ ಮಾಡುವ ಕೈಗೆ ಆದೇಶವಷ್ಟೇ ಸಾಲದು. ಕೋಲಾರದ ಚಿನ್ನದ ಗಣಿಗಳ ಸುರಂಗದಲ್ಲಿ ಬಂಡೆ ಕೊರೆಯುತ್ತಿದ್ದ ಕಾರ್ಮಿಕನಿಗೆ ಡ್ರಿಲ್ ಹೇಗೆ ಇಳಿಯುತ್ತಿದೆ ಎಂಬುದನ್ನು ಕಣ್ಣಿಗಿಂತ ಮೊದಲು ಅಂಗೈಯೇ ತಿಳಿಸುವಂತೆ, ಲೋಟ ಎತ್ತುವ ಸಾಮಾನ್ಯ ಕ್ರಿಯೆಯಲ್ಲೂ ಹಿಡಿತ ಎಷ್ಟು ಬಿಗಿಯಬೇಕೆಂಬುದನ್ನು ಬೆರಳ ತುದಿಯ ಸಂವೇದನೆಯೇ ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತದೆ. ಮೊದಲ ತಲೆಮಾರಿನ ಮಿದುಳು–ಕಂಪ್ಯೂಟರ್ ಸಂಪರ್ಕಗಳಲ್ಲಿ ಈ ಮರುವಾರ್ತೆ ಇರಲಿಲ್ಲ. ಬಳಕೆದಾರ ಯಂತ್ರದ ತೋಳನ್ನು ಕಣ್ಣಿನಿಂದ ನೋಡುತ್ತಲೇ ನಡೆಸಬೇಕಾಗಿತ್ತು.

ಹೀಗಿದ್ದರೂ, ಮಿದುಳನ್ನು ನೇರವಾಗಿ ಪ್ರಚೋದಿಸಿ ಸ್ಪರ್ಶದ ಅನುಭವ ಹುಟ್ಟಿಸಬಹುದೆಂಬ ತಿಳಿವಳಿಕೆ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್, ಮಿದುಳಿನ ಮಧ್ಯದ ಸೀಳಿಗೆ ಹಿಂಬದಿಯಲ್ಲಿರುವ ಮಡಿಕೆಗೆ ಎಚ್ಚರವಿದ್ದ ರೋಗಿಗಳಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹರಿಸಿದಾಗ ಅವರಿಗೆ ಕೈಯಲ್ಲಿ ಸಂವೇದನೆ ಉಂಟಾಯಿತೆಂದು 1909ರಲ್ಲಿ ವರದಿ ಮಾಡಿದನು. 1937ರಲ್ಲಿ ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಎಡ್ವಿನ್ ಬೋಲ್ಡ್ರಿ ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ದಾಖಲೆಯನ್ನು ಒಟ್ಟುಗೂಡಿಸಿ, ದೇಹದ ಪ್ರತಿಯೊಂದು ಭಾಗಕ್ಕೂ ಆ ಮಡಿಕೆಯಲ್ಲಿ ಸರಿಸುಮಾರು ಗೊತ್ತಾದ ಜಾಗವಿದೆಯೆಂದೂ, ಕೈ ಮತ್ತು ತುಟಿಗಳ ಪಾಲು ಅವುಗಳ ಗಾತ್ರಕ್ಕೆ ಮೀರಿ ದೊಡ್ಡದೆಂದೂ ತೋರಿಸಿದರು. ಬೆನ್ನುಹುರಿ ತುಂಡಾದ ಬಳಿಕವೂ ಈ ನಕ್ಷೆ ಬಹುಮಟ್ಟಿಗೆ ಉಳಿದಿರುತ್ತದೆ ಎಂಬುದೇ ಮುಂದಿನ ಎಲ್ಲ ಪ್ರಯತ್ನಗಳಿಗೆ ಆಧಾರವಾಯಿತು.

ಮಿದುಳನ್ನು ಮುಟ್ಟದೆ, ಒಂದೆಡೆಯ ಸಂವೇದನೆಯನ್ನು ಮತ್ತೊಂದೆಡೆಗೆ ದಾಟಿಸುವ ದಾರಿಯೂ ಇತ್ತು. 1969ರಲ್ಲಿ ಪಾಲ್ ಬಾಕ್-ಇ-ರೀಟ ಮತ್ತು ಸಂಗಡಿಗರು ಕುರ್ಚಿಯೊಂದರ ಬೆನ್ನಿಗೆ 400 ಕಂಪಕಗಳನ್ನು ಜೋಡಿಸಿ, ಕ್ಯಾಮೆರಾ ಕಂಡ ಆಕೃತಿಯನ್ನು ಅಂಧರ ಬೆನ್ನಿನ ಚರ್ಮಕ್ಕೆ ಒಪ್ಪಿಸಿದರು. ಅಭ್ಯಾಸದಿಂದ ಅವರು ವಸ್ತುಗಳನ್ನು ಗುರುತಿಸಲು ಕಲಿತರು. ಕೋಲಾರದ ಗಣಿಗಳ ಸೀಮೆಗೆ ಅತಿ ಸಮೀಪದ ಅಧ್ಯಾಯವೂ ಇದೇ ಜಾತಿಗೆ ಸೇರಿದ್ದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಕುಷ್ಠರೋಗಿಗಳ ಬೆರಳುಗಳು ನಶಿಸುವುದಕ್ಕೆ ಮುಖ್ಯ ಕಾರಣ ಮಾಂಸ ಕೊಳೆಯುವುದಲ್ಲ, ನರಗಳು ಹಾಳಾಗಿ ನೋವು ತಿಳಿಯದೆ ಆಗುವ ಸುಟ್ಟ ಗಾಯ ಮತ್ತು ಪೆಟ್ಟುಗಳೆಂದು ತೋರಿಸಿಕೊಟ್ಟರು. ರೋಗಿಗಳನ್ನು ಶಾಪಗ್ರಸ್ತರೆಂದು ದೂರವಿಟ್ಟಿದ್ದ ಸಮಾಜಕ್ಕೆ ಇದು ಬಹು ದೊಡ್ಡ ತಿದ್ದುಪಡಿ.

1966ರಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದ ಬ್ರಾಂಡ್, ಅಲ್ಲಿ ಎಂಜಿನಿಯರುಗಳೊಡನೆ ಕೃತಕ ನೋವಿನ ವ್ಯವಸ್ಥೆಯನ್ನು ಕಟ್ಟಲು ಹೊರಟರು. ಕೈಗವಸು ಮತ್ತು ಪಾದರಕ್ಷೆಗಳೊಳಗಿನ ಸಂವೇದಕಗಳು ಅಪಾಯಕರ ಒತ್ತಡವನ್ನು ಕಂಡಾಗ ಕಿವಿಗೆ ಶಬ್ದ ಕೇಳಿಸುವಂತೆ ಮಾಡಿದರು. ರೋಗಿಗಳು ಅದನ್ನು ಲಕ್ಷಿಸಲಿಲ್ಲ. ಸಂವೇದನೆ ಉಳಿದಿದ್ದ ಕಂಕುಳಿಗೆ ವಿದ್ಯುತ್ ಆಘಾತ ಕೊಡುವಂತೆ ಮಾಡಿದಾಗ, ಬೇಕಾದ ಕೆಲಸಕ್ಕೆ ಅದು ಅಡ್ಡಬಂದ ಕೂಡಲೇ ರೋಗಿಗಳು ಯಂತ್ರವನ್ನೇ ಆರಿಸಿಬಿಡುತ್ತಿದ್ದರು. ಯೋಜನೆಯನ್ನು ಕೈಬಿಡಬೇಕಾಯಿತು. ಈ ಸೋಲು ಕಲಿಸಿದ ಪಾಠ ದೊಡ್ಡದು: ಕೈಯಲ್ಲಿ ಆದದ್ದು ಕೈಯಲ್ಲೇ ಆದಂತೆ ತೋರದಿದ್ದರೆ, ಮನುಷ್ಯನು ಅದನ್ನು ತನ್ನದೆಂದು ಸ್ವೀಕರಿಸುವುದಿಲ್ಲ.

ಮಿದುಳಿಗೆ ನೇರವಾಗಿ ಸ್ಪರ್ಶವನ್ನು ಒಪ್ಪಿಸುವ ದಾರಿ ತೆರೆದದ್ದು 1998ರಲ್ಲಿ. ಮೆಕ್ಸಿಕೊದ ರನುಲ್ಫೊ ರೋಮೊ ಮತ್ತು ಸಂಗಡಿಗರು, ಬೆರಳಿಗೆ ತಗುಲುವ ಕಂಪನದ ಬದಲು ಅದೇ ಆವರ್ತನದ ವಿದ್ಯುತ್ ಮಿಡಿತಗಳನ್ನು ಮಿದುಳಿಗೆ ಕೊಟ್ಟಾಗಲೂ ಕೋತಿಗಳು ಹೋಲಿಕೆಯ ಪರೀಕ್ಷೆಯಲ್ಲಿ ಸರಿಯುತ್ತರವನ್ನೇ ಕೊಡುವುದನ್ನು ಕಂಡರು. 2011ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಮಿಗೆಲ್ ನಿಕೊಲೆಲಿಸ್ ತಂಡದ ಪ್ರಯೋಗದಲ್ಲಿ, ಕೋತಿಗಳು ಪರದೆಯ ಮೇಲಿನ ಕೃತಕ ಕೈಯನ್ನು ಮಿದುಳಿನಿಂದಲೇ ನಡೆಸಿ, ಅದು ಮುಟ್ಟಿದ ವಸ್ತುಗಳ ಕೃತಕ ನಯ–ಒರಟುಗಳನ್ನು ಮಿದುಳಿನಲ್ಲೇ ಗ್ರಹಿಸಿದವು.

ಇದೇ ಅವಧಿಯಲ್ಲಿ, ತಲೆಬುರುಡೆಯ ಮೇಲಿನಿಂದಲೇ ಮಿದುಳಿನ ಅಲೆಗಳನ್ನು ಅಳೆಯುವ ಇಇಜಿ ವಿಧಾನದಲ್ಲೂ ಸ್ಪರ್ಶವನ್ನು ಬಳಸಲಾಯಿತು. 2010ರಲ್ಲಿ ಡಚ್ ಸಂಶೋಧಕರು ಸೊಂಟದ ಸುತ್ತ ಕಂಪಕಗಳನ್ನಿಟ್ಟು, ವ್ಯಕ್ತಿ ಯಾವ ಕಂಪನದ ಮೇಲೆ ಗಮನವಿಟ್ಟಿದ್ದಾನೆಂಬುದನ್ನು ಮಿದುಳಿನ ಅಲೆಯಿಂದ ಪತ್ತೆಹಚ್ಚಬಹುದೆಂದು ತೋರಿಸಿದರು. ಕಣ್ಣುಗುಡ್ಡೆಯನ್ನೂ ಅಲುಗಿಸಲಾಗದಷ್ಟು ನಿಶ್ಚಲರಾದ ರೋಗಿಗಳಿಗೆ ಪರದೆಯ ಅಕ್ಷರಗಳಿಗಿಂತ ಇಂಥ ವಿಧಾನ ಅನುಕೂಲ.

ಮನುಷ್ಯರಲ್ಲಿ ನಿರ್ಣಾಯಕ ಹೆಜ್ಜೆ ಬಿದ್ದದ್ದು ಪಿಟ್ಸ್‌ಬರ್ಗ್‌ನಲ್ಲಿ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಯುವಕನೊಬ್ಬನ ಮಿದುಳಿನ ಸ್ಪರ್ಶಕ್ಷೇತ್ರದಲ್ಲಿ 2015ರಲ್ಲಿ ಸೂಕ್ಷ್ಮ ವಿದ್ಯುದಗ್ರಗಳ ಫಲಕಗಳನ್ನು ನೆಡಲಾಯಿತು. ಮರುವರ್ಷ ಪ್ರಕಟವಾದ ವರದಿಯ ಪ್ರಕಾರ ಅವನಿಗೆ ಒತ್ತಿದಂತೆ, ಜುಮ್ಮೆಂದಂತೆ ತನ್ನದೇ ಬೆರಳು ಮತ್ತು ಅಂಗೈಯಲ್ಲಿ ಅನುಭವವಾಗುತ್ತಿತ್ತು. ಬ್ರಾಂಡ್‌ಗೆ ದಕ್ಕದೆ ಹೋದದ್ದು ಇಲ್ಲಿ ದಕ್ಕಿತು. 2021ರಲ್ಲಿ ಅದೇ ತಂಡ, ಯಂತ್ರದ ತೋಳಿನಿಂದ ವಸ್ತುಗಳನ್ನು ಎತ್ತಿ ಸಾಗಿಸುವ ಪರೀಕ್ಷೆಯಲ್ಲಿ ಸ್ಪರ್ಶವನ್ನು ಸೇರಿಸಿದಾಗ ತಗಲುವ ಮಧ್ಯಕ ಸಮಯ 20.9 ಸೆಕೆಂಡಿನಿಂದ 10.2 ಸೆಕೆಂಡಿಗೆ ಇಳಿಯಿತೆಂದು ತಿಳಿಸಿತು. ಸ್ಪರ್ಶ ಅಲಂಕಾರವಲ್ಲ, ಚಲನೆಯ ಅಂಗವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. 2025ರಲ್ಲಿ ಶಿಕಾಗೊ ಮೂಲದ ಸಂಶೋಧಕರು ಹಲವು ವಿದ್ಯುದಗ್ರಗಳನ್ನು ಕ್ರಮವರಿತು ಮಿಡಿಸಿ, ವಸ್ತುವಿನ ಅಂಚನ್ನೂ ಚರ್ಮದ ಮೇಲೆ ಹರಿದಾಡುವ ಚಲನೆಯನ್ನೂ ಅನುಭವಕ್ಕೆ ತಂದರು. ಈ ಶೋಧಗಳ ಹಿಂದೆ ದುಡಿದಿದ್ದ ಸ್ಲಿಮಾನ್ ಬೆನ್ಸ್‌ಮಾಯ 2023ರಲ್ಲಿ ತೀರಿಕೊಂಡಿದ್ದರು.

ಬಿಸಿ, ತಂಪು, ನಯಗಳ ಪೂರ್ಣ ಅನುಭವ ಇನ್ನೂ ದೂರವಿದೆ. ತಲೆಬುರುಡೆ ತೆರೆಯುವ ಶಸ್ತ್ರಚಿಕಿತ್ಸೆ ಬೇಕಾಗುವುದರಿಂದ ಸೋಂಕಿನ ಭಯವೂ ಇದೆ. ಈ ವಿಧಾನ ಇನ್ನೂ ಸಂಶೋಧನೆಯ ಹಂತದಲ್ಲಿದ್ದು, ಆಸ್ಪತ್ರೆಗಳಲ್ಲಿ ದೊರೆಯುವ ಚಿಕಿತ್ಸೆಯಾಗಿಲ್ಲ. ಅದು ಕೈಗೆಟಕುವವರೆಗೆ, ಸ್ಪರ್ಶಜ್ಞಾನ ಕಳೆದುಕೊಂಡವರು, ಕಾರಣ ಕುಷ್ಠವಾಗಿರಲಿ, ಮಧುಮೇಹವಾಗಿರಲಿ, ಬೆನ್ನುಹುರಿಯ ಗಾಯವಾಗಿರಲಿ, ಕೈಕಾಲು ಮತ್ತು ಬೆನ್ನಿನ ಚರ್ಮವನ್ನು ದಿನವೂ ಕಣ್ಣಿಂದ ಪರೀಕ್ಷಿಸಿಕೊಳ್ಳಬೇಕು. ಮನೆಯವರು ಇದಕ್ಕೆ ನೆರವಾಗಬೇಕು.