ಚಿಟ್ಟೆ ಗಣತಿ

ಗೊತ್ತಾದ ಜಾಗದಲ್ಲಿ, ಗೊತ್ತಾದ ಹೊತ್ತಿನಲ್ಲಿ ಕಂಡ ಚಿಟ್ಟೆಗಳನ್ನು ಪ್ರಭೇದವಾರು ಎಣಿಸಿ ದಾಖಲಿಸುವ ಕೆಲಸ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಟ್ಟೆಯ ಹವ್ಯಾಸವೆಂದರೆ ಬಲೆ ಬೀಸಿ ಹಿಡಿದು, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಇಡುವುದಾಗಿತ್ತು. ಯಾವ ಊರಿನಲ್ಲಿ ಯಾವ ಚಿಟ್ಟೆ ಇತ್ತು ಎಂಬುದನ್ನು ಆ ಸಂಗ್ರಹಗಳು ಹೇಳುತ್ತವೆ. ಎಷ್ಟಿದ್ದವು ಎಂಬುದನ್ನು ಹೇಳಲಾರವು.

ಈ ಕೊರತೆಯನ್ನು ನೀಗಿಸಿದವರು ಇಂಗ್ಲೆಂಡಿನ ಎರ್ನಿ ಪೊಲಾರ್ಡ್. ಮಾಂಕ್ಸ್ ವುಡ್ ಕಾಡಿನಲ್ಲಿ 1973ರಿಂದ ಅವರು ರೂಪಿಸಿದ ವಿಧಾನಕ್ಕೆ ದುಬಾರಿ ಸಲಕರಣೆ ಬೇಡ, ಕಾಲು ಗಟ್ಟಿ ಇದ್ದರೆ ಸಾಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ 26 ವಾರ, ವಾರಕ್ಕೊಮ್ಮೆ ಅದೇ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆಯಬೇಕು. ಎಡಕ್ಕೆ ಎರಡೂವರೆ, ಬಲಕ್ಕೆ ಎರಡೂವರೆ, ಮುಂದಕ್ಕೆ ಐದು ಮೀಟರ್ ಒಳಗೆ ಕಂಡದ್ದಷ್ಟೇ ಲೆಕ್ಕ. ಆಚೆ ಎಷ್ಟೇ ಅಪರೂಪದ ಚಿಟ್ಟೆ ಹಾರಲಿ, ಅದು ಲೆಕ್ಕಕ್ಕಿಲ್ಲ. ಉಷ್ಣಾಂಶ 13 ಡಿಗ್ರಿಗಿಂತ ಕಡಿಮೆಯಿದ್ದರೆ ಅಂದು ಎಣಿಕೆಯೇ ಇಲ್ಲ. ಇಲ್ಲಿ ಸಿಗುವುದು ಕಾಡಿನ ಒಟ್ಟು ಸಂಖ್ಯೆಯಲ್ಲ, ವರ್ಷದಿಂದ ವರ್ಷಕ್ಕೆ ಹೋಲಿಸಬಹುದಾದ ಸೂಚ್ಯಂಕ. ಈ ಬಿಗಿಯೇ ವಿಧಾನದ ಜೀವಾಳ. 1976ರಲ್ಲಿ ಇದನ್ನೇ ಆಧರಿಸಿ ಬ್ರಿಟನ್ನಿನ ರಾಷ್ಟ್ರೀಯ ಸಮೀಕ್ಷೆ ಆರಂಭವಾಯಿತು.

ಅಮೆರಿಕದಲ್ಲಿ ಕ್ರಿಸ್‌ಮಸ್ ಪಕ್ಷಿಗಣತಿಯ ಮಾದರಿಯಲ್ಲಿ ಜರ್ಸೀಸ್ ಸೊಸೈಟಿ 1975ರಲ್ಲಿ ಜುಲೈ ನಾಲ್ಕರ ಗಣತಿ ಆರಂಭಿಸಿತು. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಚಳಿಗಾಲ ಕಳೆಯುವ ಮೊನಾರ್ಕ್ ಚಿಟ್ಟೆಗಳನ್ನು 1997ರಿಂದ ಎಣಿಸಲಾಗುತ್ತಿದೆ. 2020ರಲ್ಲಿ ಅಲ್ಲಿ ಸಿಕ್ಕವು ಎರಡು ಸಾವಿರಕ್ಕೂ ಕಡಿಮೆ. ಮರುವರ್ಷ ಸುಮಾರು ಎರಡೂವರೆ ಲಕ್ಷ. ಒಂದೇ ವರ್ಷದ ಅಂಕಿ ನೋಡಿ ಅಳುವುದೂ ನಗುವುದೂ ಆತುರವೇ.

ಬಟರ್‌ಫ್ಲೈ ಕನ್ಸರ್ವೇಶನ್ ಸಂಸ್ಥೆ 2010ರಲ್ಲಿ ಬ್ರಿಟನ್ನಿನ ಜನಸಾಮಾನ್ಯರಿಗಾಗಿ ಹದಿನೈದು ನಿಮಿಷದ ಬೇಸಿಗೆ ಗಣತಿ ತೆರೆಯಿತು. ಹಿತ್ತಿಲಲ್ಲಿ ಕುಳಿತೇ ಎಣಿಸಬಹುದು. ಪೊಲಾರ್ಡ್ ನಡಿಗೆಯ ಕಟ್ಟುನಿಟ್ಟು ಇದಕ್ಕಿಲ್ಲ, ಆದರೆ ಜನಬಲವಿದೆ. 2024ರಲ್ಲಿ ಎಣಿಕೆ ತೀರಾ ಕುಸಿದಾಗ ಸಂಸ್ಥೆ ‘ಚಿಟ್ಟೆ ತುರ್ತುಸ್ಥಿತಿ’ ಸಾರಿತು.

ಭಾರತದಲ್ಲಿ 2020ರಿಂದ ಸೆಪ್ಟೆಂಬರ್ ತಿಂಗಳನ್ನು ‘ಬಿಗ್ ಬಟರ್‌ಫ್ಲೈ ಮಂತ್’ ಎಂದು ಆಚರಿಸಲಾಗುತ್ತಿದೆ. ಇಂಗ್ಲೆಂಡಿನ ಪಂಚಾಂಗ ನಮಗೆ ಹೊಂದುವುದಿಲ್ಲ; ಸಹ್ಯಾದ್ರಿಯಲ್ಲಿ ಮಳೆ ಇಳಿದ ಮೇಲೆಯೇ ಚಿಟ್ಟೆಗಳ ಸುಗ್ಗಿ. ಹೊಸದಾಗಿ ಎಣಿಸಲು ಹೊರಟವರು ಅಪರೂಪದವನ್ನೇ ಅರಸದೆ ಮನೆಯ ಹತ್ತಿರದ ದಾರಿಯೊಂದನ್ನು ಆರಿಸಿಕೊಂಡು ವರ್ಷಗಟ್ಟಲೆ ಬಿಡದೆ ನಡೆಯಲಿ. ಒಂದೂ ಕಾಣದ ದಿನ ಹಾಳೆಯನ್ನು ಖಾಲಿ ಬಿಡದೆ ಸೊನ್ನೆ ಎಂದೇ ಬರೆಯಲಿ, ಅದೂ ದಾಖಲೆಯೇ.