ಶಾಂತಿಪಾಲನೆಯಲ್ಲಿ ಸ್ಥಳೀಯ ಮುಖಂಡರ ತರಬೇತಿ: ಬೆಂಗಳೂರಿನ ಅನುಭವ ಕಲಿಸುವ ಪಾಠಗಳು

ತನ್ನ ಧರ್ಮ, ಭಾಷೆ, ಜಾತಿ ಅಥವಾ ರಾಜಕೀಯ ನಿಲುವಿನ ಹೆಸರಿನಲ್ಲಿ ಅನ್ಯರ ಮೇಲೆ ಕೈಮಾಡುವುದು ನ್ಯಾಯವೆಂದು ನಂಬುವ ಮನೋಧರ್ಮವೇ ಹಿಂಸಾತ್ಮಕ ಉಗ್ರವಾದ. ಗಾಢವಾದ ಶ್ರದ್ಧೆಯಾಗಲಿ, ಆಳುವವರ ಮೇಲಿನ ಸಿಟ್ಟಾಗಲಿ, ಶಾಂತಿಯುತ ಪ್ರತಿಭಟನೆಯಾಗಲಿ ಉಗ್ರವಾದವಲ್ಲ. ಈ ಭೇದವನ್ನು ಅರಿಯದೆ ಕೈಗೊಂಡ ಕಾರ್ಯವು ಅಮಾಯಕರನ್ನು ನೋಯಿಸಿ, ತಾನು ತಡೆಯಹೊರಟ ದ್ವೇಷವನ್ನೇ ಬೆಳೆಸುತ್ತದೆ. ಆದುದರಿಂದ ಮುಖಂಡರ ತರಬೇತಿಯು ಈ ವಿವೇಕದಿಂದಲೇ ಆರಂಭವಾಗಬೇಕು.

ಹಿನ್ನೆಲೆ

ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳು 2016ರ ಆರಂಭದಲ್ಲಿ ಹಿಂಸಾತ್ಮಕ ಉಗ್ರವಾದವನ್ನು ತಡೆಗಟ್ಟುವ ಕಾರ್ಯಯೋಜನೆಯೊಂದನ್ನು ಮಹಾಸಭೆಯ ಮುಂದಿರಿಸಿದರು. ಪೊಲೀಸ್ ಹಾಗೂ ಸೈನಿಕ ಕ್ರಮಗಳಷ್ಟೇ ಸಾಲವು, ಸಮುದಾಯದ ಮುಖಂಡರು, ಮಹಿಳೆಯರು ಮತ್ತು ಯುವಜನರು ಇದರಲ್ಲಿ ಪಾಲುಗೊಳ್ಳಬೇಕು ಎಂಬುದು ಅದರ ಆಶಯ. ಧಾರ್ಮಿಕ ಮುಖಂಡರು ಹಿಂಸೆಯ ಪ್ರಚೋದನೆಯನ್ನು ತಡೆಯುವ ಕುರಿತು ಮೊರಾಕ್ಕೊ ದೇಶದ ಫೆಜ್ ನಗರದಲ್ಲಿ 2015ರಲ್ಲಿ ಆರಂಭವಾದ ಸಮಾಲೋಚನೆಯು 2017ರಲ್ಲಿ ಪ್ರತ್ಯೇಕ ಯೋಜನೆಯಾಗಿ ರೂಪುಗೊಂಡಿತು.

ನಮ್ಮ ನಾಡಿಗೆ ಈ ವಿಚಾರ ಹೊಸದಲ್ಲ. ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಜೀವಮಾನವಿಡೀ ಭಾವೈಕ್ಯಕ್ಕಾಗಿ ದುಡಿದು, ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿಗೆ ಭಾಜನರಾದರು. ಗಣೇಶೋತ್ಸವ, ಈದ್ ಹಬ್ಬಗಳಿಗೆ ಮುನ್ನ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆಗಳು ನಡೆಯುವುದೂ ರೂಢಿಯಲ್ಲಿದೆ. ಆದರೆ ಸಭೆ ಬೇರೆ, ತರಬೇತಿ ಬೇರೆ. ಹಬ್ಬದ ಮುನ್ನಾದಿನ ಒಮ್ಮೆ ಕೂಡಿ ಚಹಾ ಕುಡಿದು ಚದುರಿದವರಿಗೆ ಸಂಕಟದ ರಾತ್ರಿಯಲ್ಲಿ ಪರಸ್ಪರ ಕರೆ ಮಾಡುವ ಸಲಿಗೆ ಇರುವುದಿಲ್ಲ.

ಮೂರು ಪ್ರಸಂಗಗಳು

2012ರ ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಝಾರ್ ಮೊದಲಾದ ಜಿಲ್ಲೆಗಳಲ್ಲಿ ಹಿಂಸೆ ಭುಗಿಲೆದ್ದಿತು. ಆಗಸ್ಟ್ ಮಧ್ಯಭಾಗದಲ್ಲಿ, ಬೆಂಗಳೂರಿನಲ್ಲಿರುವ ಈಶಾನ್ಯ ಭಾರತೀಯರ ಮೇಲೆ ದಾಳಿ ನಡೆಯಲಿದೆಯೆಂಬ ವದಂತಿಯು ಮೊಬೈಲ್ ಸಂದೇಶಗಳ ಮೂಲಕ ಹರಡಿತು. ಹೋಟೆಲು, ಕಾವಲು ಕೆಲಸ, ಬ್ಯೂಟಿ ಪಾರ್ಲರುಗಳಲ್ಲಿ ದುಡಿಯುತ್ತಿದ್ದವರು, ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ನಗರ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರವು ಸಗಟು ಸಂದೇಶಗಳನ್ನು 15 ದಿನಗಳ ಕಾಲ ನಿರ್ಬಂಧಿಸಿತು. ಸರ್ಕಾರ ಕೊಟ್ಟ ಅಭಯಕ್ಕಿಂತ ಅಂಚೆ ವಿಳಾಸವಿಲ್ಲದ ವದಂತಿಯೇ ಬಲವಾಯಿತು. ಏಕೆಂದರೆ ಬಾಡಿಗೆ ಮನೆಯ ಆ ಯುವಜನರಿಗೆ ಬಡಾವಣೆಯಲ್ಲಿ ಹೆಸರು ಹಿಡಿದು ಕರೆಯುವ ಹಿರಿಯರು ವಿರಳವಾಗಿದ್ದರು.

2016ರ ಸೆಪ್ಟೆಂಬರ್ 12ರಂದು ಕಾವೇರಿ ನೀರಿನ ಕುರಿತ ಸರ್ವೋಚ್ಚ ನ್ಯಾಯಾಲಯದ ಆದೇಶದ ಬಳಿಕ ನಗರದಲ್ಲಿ ಗಲಭೆಯಾಯಿತು. ತಮಿಳುನಾಡಿನ ಹತ್ತಾರು ಬಸ್ಸುಗಳು ಸುಟ್ಟು ಕರಕಲಾದವು. ಉಗ್ರತೆಗೆ ಧರ್ಮವೇ ಕಾರಣವಾಗಬೇಕಿಲ್ಲ, ನಾವು ಪ್ರೀತಿಸುವ ನೆಲ, ಜಲ, ನುಡಿಗಳ ಹೆಸರಿನಲ್ಲಿಯೂ ಅದು ತಲೆಯೆತ್ತಬಲ್ಲದು ಎಂಬುದಕ್ಕೆ ಇದು ನಿದರ್ಶನ.

2020ರ ಆಗಸ್ಟ್ 11ರ ರಾತ್ರಿ ಫೇಸ್‌ಬುಕ್ ಬರಹವೊಂದರಿಂದ ಕೆರಳಿದ ಗುಂಪು ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿ ಠಾಣೆಗಳ ಮೇಲೆ ದಾಳಿ ನಡೆಸಿ, ಶಾಸಕರೊಬ್ಬರ ಮನೆಗೆ ಬೆಂಕಿಯಿಟ್ಟಿತು. ಪೊಲೀಸ್ ಗೋಲಿಬಾರಿನಲ್ಲಿ ಜೀವಗಳು ಹೋದವು. ಅದೇ ರಾತ್ರಿ ಅದೇ ಪ್ರದೇಶದಲ್ಲಿ ಮುಸ್ಲಿಂ ಯುವಕರು ದೇವಾಲಯವೊಂದರ ಮುಂದೆ ಕೈಕೈ ಹಿಡಿದು ಸರಪಳಿಯಾಗಿ ನಿಂತು ಅದನ್ನು ಕಾಪಾಡಿದರು. ಗುಂಪಿನ ಆವೇಶದ ನಡುವೆಯೂ ವಿವೇಕ ಸಾಧ್ಯವೆಂಬುದನ್ನು ಅವರು ತೋರಿಸಿಕೊಟ್ಟರು.

ಯಾರಿಗೆ ತರಬೇತಿ?

ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಮುಖಂಡರೆಂದರೆ ವೇದಿಕೆಯ ಮೇಲಿನವರು ಮಾತ್ರವಲ್ಲ. ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದವರು, ದೇವಾಲಯ, ಮಸೀದಿ, ಚರ್ಚುಗಳ ಸಮಿತಿಯವರು, ಗಣೇಶೋತ್ಸವ ಮಂಡಳಿ ಹಾಗೂ ಕನ್ನಡ ಸಂಘಗಳ ಯುವಕರು, ಆಟೊ ನಿಲ್ದಾಣದ ಹಿರಿಯರು, ಸ್ತ್ರೀಶಕ್ತಿ ಸಂಘಗಳ ತಾಯಂದಿರು, ಎಲ್ಲರೂ ಮುಖಂಡರೇ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರಿನಿಂದಾದ ಬಿ.ಟಿ.ಎಂ. ಬಡಾವಣೆಯಲ್ಲಿ ಪಿ.ಜಿ. ನಡೆಸುವವರನ್ನು ಮರೆಯುವಂತಿಲ್ಲ. ದೂರದೂರಿನಿಂದ ಬಂದ ಮಕ್ಕಳ ಭಯ ಮೊದಲು ತಲುಪುವುದು ಅವರ ಕಿವಿಗೇ.

ಏನನ್ನು ಕಲಿಸಬೇಕು?

ಮೊದಲನೆಯದು ಆಲಿಸುವ ಕಲೆ. ನೊಂದವರು ಮಾತು ಮುಗಿಸುವ ಮುನ್ನವೇ ಉಪದೇಶಕ್ಕೆ ತೊಡಗುವುದು ನಮ್ಮಂಥವರ ದೊಡ್ಡ ದೋಷ.

ಎರಡನೆಯದು ವದಂತಿಯ ಪರಿಶೀಲನೆ. ಸಂದೇಶ ಎಲ್ಲಿಂದ ಬಂತು, ಚಿತ್ರ ಯಾವ ಕಾಲದ್ದು, ಕಣ್ಣಾರೆ ಕಂಡವರು ಯಾರು ಎಂದು ವಿಚಾರಿಸದೆ ಮುಂದಕ್ಕೆ ಕಳುಹಿಸಬಾರದು. ಸುಳ್ಳೆಂದು ತಿಳಿದ ಮೇಲೆ ಅದೇ ವಾಟ್ಸಾಪ್ ಗುಂಪಿನಲ್ಲಿ ಹಾಗೆಂದು ಹೇಳುವ ಧೈರ್ಯವೂ ಬೇಕು.

ಮೂರನೆಯದು ಕಾನೂನಿನ ಅರಿವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮು ಸಮುದಾಯಗಳ ನಡುವೆ ವೈರ ಬೆಳೆಸುವುದನ್ನೂ, 353ನೆಯ ಕಲಮು ಸಾರ್ವಜನಿಕ ಕಿಡಿಗೇಡಿತನಕ್ಕೆ ಎಡೆಮಾಡುವ ಹೇಳಿಕೆ, ವದಂತಿಗಳನ್ನೂ ಅಪರಾಧವೆಂದು ಪರಿಗಣಿಸುತ್ತವೆ. ಕೈಮೀರುವ ಪರಿಸ್ಥಿತಿಯಲ್ಲಿ ತಾವೇ ನ್ಯಾಯ ನೀಡಲು ಹೊರಡದೆ 112ಕ್ಕೆ ಕರೆ ಮಾಡಬೇಕು.

ನಾಲ್ಕನೆಯದು ದಾರಿ ತಪ್ಪುತ್ತಿರುವ ಯುವಕರೊಡನೆ ವ್ಯವಹರಿಸುವ ರೀತಿ. ಹಳೆಯ ಗೆಳೆಯರನ್ನು ತೊರೆಯುವುದು, ಒಂದು ಸಮುದಾಯದವರನ್ನು ಮನುಷ್ಯರೇ ಅಲ್ಲವೆಂಬಂತೆ ಮಾತನಾಡುವುದು, ಹಿಂಸೆಯನ್ನು ಹೊಗಳುವುದು ಗಮನಿಸಬೇಕಾದ ಸೂಚನೆಗಳು. ಗಡ್ಡ, ಕುಂಕುಮ, ಉಡುಪು, ಪ್ರಾರ್ಥನೆಗಳು ಸೂಚನೆಗಳಲ್ಲ. ಅಂಥ ಯುವಕನ ಬೆನ್ನಿಗೆ ಅಪಮಾನ, ನಿರುದ್ಯೋಗ, ಮನೆಯ ಕಲಹ ಇರಬಹುದು. ಹಿಂಸೆಯ ಸಿದ್ಧತೆ ಕಂಡರೆ ಪೊಲೀಸರಿಗೆ ತಿಳಿಸಲೇಬೇಕು. ಅದಿಲ್ಲದಿರುವಾಗ ಅವನಿಗೆ ಬೇಕಾದುದು ಗೂಢಚಾರನಲ್ಲ, ಅಣ್ಣ.

ಮಿತಿ ಮತ್ತು ಹೊಣೆ

ನ್ಯಾಯವಿಲ್ಲದೆಡೆ ತರಬೇತಿ ಫಲಿಸದು. ಬಾಡಿಗೆ ಮನೆ ಕೇಳಿದವನ ಜಾತಿ, ಧರ್ಮ ವಿಚಾರಿಸಿ ಬಾಗಿಲು ಮುಚ್ಚುವವರು ಸಂಜೆ ಸೌಹಾರ್ದದ ಭಾಷಣ ಮಾಡಿದರೆ ಕೇಳುವವರಾರು? ಪರರ ಗುಂಪಿನ ತಪ್ಪನ್ನು ಎತ್ತಿ ತೋರಿಸುವುದು ಸುಲಭ. ತನ್ನವರು ತಪ್ಪಿದಾಗ ತನ್ನವರ ನಡುವೆಯೇ ನಿಂತು ಬೇಡವೆನ್ನುವುದು ಮುಖಂಡನ ನಿಜವಾದ ಪರೀಕ್ಷೆ. ಮಠಗಳೂ ಈ ಪರೀಕ್ಷೆಗೆ ಹೊರತಲ್ಲ.

ಆರಂಭಕ್ಕೆ ದೊಡ್ಡ ಸಮ್ಮೇಳನ ಬೇಕಿಲ್ಲ. ಒಂದು ಬಡಾವಣೆಯ ಹತ್ತಾರು ಮಂದಿ ತಿಂಗಳಿಗೊಮ್ಮೆ ಕೂಡಿ, ಒಬ್ಬರ ದೂರವಾಣಿ ಸಂಖ್ಯೆಯನ್ನು ಇನ್ನೊಬ್ಬರು ಬರೆದಿಟ್ಟುಕೊಂಡರೆ ಸಾಕು. ಕಲ್ಯಾಣದ ಅನುಭವ ಮಂಟಪದಲ್ಲಿ ಬೇರೆ ಬೇರೆ ಕಾಯಕದವರು ಒಂದೆಡೆ ಕುಳಿತು ಮಾತನಾಡಿದರು. ನಮ್ಮ ಬೀದಿಯಲ್ಲಿ ಹಾಗೆ ಕುಳಿತುಕೊಳ್ಳಲು ಗಲಭೆಯಾಗುವವರೆಗೆ ಕಾಯಬೇಕಾಗಿಲ್ಲ.