ಕಲ್ಯಾಣದ ಗ್ರಂಥಕರ್ತರೂ ಆಕರಸ್ಮರಣೆಯೂ

ಪರರ ಧನವನ್ನು ಅಪಹರಿಸಿದವನನ್ನು ಲೋಕವು ಕಳ್ಳನೆಂದು ನಿಂದಿಸುವುದು. ಪರರ ವಾಕ್ಯವನ್ನು ಅಪಹರಿಸಿದವನನ್ನಾದರೋ ಅನೇಕ ವೇಳೆ ಅದೇ ಲೋಕವು ಪಂಡಿತನೆಂದು ಕರೆದು ಶಾಲು ಹೊದಿಸುವುದು. ಧನವು ಹೋದರೆ ಪೆಟ್ಟಿಗೆಯು ಬರಿದಾಗುತ್ತದೆ, ಕಳವು ಕಣ್ಣಿಗೆ ಕಾಣುತ್ತದೆ. ವಾಕ್ಯವು ಹೋದರೆ ಒಡೆಯನ ಪುಸ್ತಕದಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಹೋಗುವುದು ಅವನ ಹೆಸರು ಮಾತ್ರ. ಕೃತಿಚೌರ್ಯವನ್ನು ಗುರುತಿಸುವುದು ಕಷ್ಟವಾಗಿರುವುದಕ್ಕೆ ಇದೇ ಕಾರಣ. ಈ ದೋಷವು ಮುದ್ರಣಯಂತ್ರದೊಡನೆ ಹುಟ್ಟಿತೆಂದೂ, ಆಕರವನ್ನು ಹೆಸರಿಸಿ ಬರೆಯುವ ಪದ್ಧತಿಯು ಪಾಶ್ಚಾತ್ಯರಿಂದ ಬಂದಿತೆಂದೂ ಕೆಲವರು ತಿಳಿದಿರುವರು. ಬೀದರ ಜಿಲ್ಲೆಯ ನಿರ್ಣಾ, ಹುಮನಾಬಾದು, ಬಸವಕಲ್ಯಾಣಗಳ ಸೀಮೆಯಲ್ಲಿ ಒಂಬೈನೂರು ವರ್ಷಗಳ ಹಿಂದೆ ನಡೆದ ಗ್ರಂಥವ್ಯವಸಾಯವನ್ನು ನೋಡಿದರೆ ಈ ಎರಡು ಅಭಿಪ್ರಾಯಗಳೂ ನಿಲ್ಲಲಾರವು.

ಮೊದಲು ಶಾಸ್ತ್ರಕಾರರ ಮಾತನ್ನು ಕೇಳಬೇಕು. ಏಳನೆಯ ಶತಮಾನದ ಬಾಣಭಟ್ಟನು ತನ್ನ ‘ಹರ್ಷಚರಿತ’ದ ಆರಂಭದಲ್ಲಿಯೇ ಕವಿಚೋರನ ಲಕ್ಷಣವನ್ನು ಹೇಳಿರುವನು. ಅಂಥವನು ಅಕ್ಷರಗಳನ್ನು ಮಾರ್ಪಡಿಸಿ, ರಚನೆಯ ಗುರುತುಗಳನ್ನು ಮರೆಮಾಡಿದರೂ, ಯಾರೂ ಹೇಳದೆಯೇ ಸಜ್ಜನರ ನಡುವೆ ಬಯಲಾಗುವನೆಂಬುದು ಅವನ ತಾತ್ಪರ್ಯ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ದ್ಯೋತದಲ್ಲಿ ಕೃತಿಗಳ ಪರಸ್ಪರ ಸಾದೃಶ್ಯವನ್ನು ಮೂರು ಬಗೆಯಾಗಿ ವಿಭಾಗಿಸಿದನು: ಕನ್ನಡಿಯ ಪ್ರತಿಬಿಂಬದಂತಹುದು, ಚಿತ್ರಪಟದಂತಹುದು, ಒಂದೇ ಬಗೆಯ ದೇಹವುಳ್ಳ ಇಬ್ಬರು ಮನುಷ್ಯರಂತಹುದು. ಮೊದಲಿನೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ. ಇಬ್ಬರ ಮೈಕಟ್ಟು ಒಂದೇ ತೆರನಾದರೂ ಇಬ್ಬರಿಗೂ ಪ್ರತ್ಯೇಕವಾದ ಪ್ರಾಣವಿರುವುದಷ್ಟೆ.

ಕ್ರಿ. ಶ. 900ರ ಸುಮಾರಿನಲ್ಲಿದ್ದ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಈ ವಿಷಯಕ್ಕಾಗಿಯೇ ಅಧ್ಯಾಯಗಳನ್ನು ಮೀಸಲಿಟ್ಟನು. ಅವನ ಮತದಲ್ಲಿ ಹರಣವು ಶಬ್ದಹರಣವೆಂದೂ ಅರ್ಥಹರಣವೆಂದೂ ಎರಡು ಬಗೆ. ಪದ, ಪಾದ, ಅರ್ಧ, ವೃತ್ತ, ಪ್ರಬಂಧ ಎಂದು ಶಬ್ದಹರಣವು ಐದು ವಿಧ. ಅಂದರೆ ಒಂದು ಪದವನ್ನು ಎತ್ತಿಕೊಳ್ಳುವುದರಿಂದ ಹಿಡಿದು ಇಡೀ ಗ್ರಂಥವನ್ನೇ ತನ್ನದೆನ್ನುವವರೆಗೆ. ಕಾಲ ಕಳೆದಂತೆ ಉಳಿದ ಕಳವುಗಳು ಮರೆತುಹೋಗುವುವು, ಮಾತಿನ ಕಳವಾದರೋ ಮಕ್ಕಳು ಮೊಮ್ಮಕ್ಕಳವರೆಗೂ ಅಪಕೀರ್ತಿಯಾಗಿ ಹಿಂಬಾಲಿಸುವುದೆಂದು ಪೂರ್ವಾಚಾರ್ಯರು ಹೇಳುವರೆಂದು ಅವನು ಬರೆದಿರುವನು. ಅದೇ ಸ್ಥಳದಲ್ಲಿ, ಹರಣ ಮಾಡುವವರು ತಮ್ಮ ಮನಸ್ಸಿಗೆ ಕೊಟ್ಟುಕೊಳ್ಳುವ ಸಮಾಧಾನಗಳನ್ನು ತನ್ನ ಪತ್ನಿಯಾದ ಅವಂತಿಸುಂದರಿಯ ಅಭಿಪ್ರಾಯವೆಂದು ಹೆಸರು ಹೇಳಿಯೇ ಉಲ್ಲೇಖಿಸುವನು. ಮೂಲಕವಿಯು ಅಪ್ರಸಿದ್ಧನು, ತಾನು ಪ್ರಸಿದ್ಧನು ಎಂಬುದು ಆ ಸಮಾಧಾನಗಳಲ್ಲೊಂದು. ಇಂದಿಗೂ ಈ ಸಮಾಧಾನವು ಹಳತಾಗಿಲ್ಲ. ಹೆಂಡತಿಯ ಮಾತನ್ನು ತನ್ನದಾಗಿ ಬರೆದುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹರಣದ ಅಧ್ಯಾಯದಲ್ಲಿ ರಾಜಶೇಖರನು ಹಾಗೆ ಮಾಡಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಕನ್ನಡ ನಾಡಿಗೆ ಬರೋಣ. ಕಲ್ಯಾಣ ಚಾಲುಕ್ಯವಂಶದ ಎರಡನೆಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರಲ್ಲಿ ಕನ್ನಡದಲ್ಲಿ ‘ಪಂಚತಂತ್ರ’ವನ್ನು ರಚಿಸಿದನು. ಆ ಕಾಲಕ್ಕೆ ರಾಜಧಾನಿಯು ಇನ್ನೂ ಕಲ್ಯಾಣಕ್ಕೆ ಬಂದಿರಲಿಲ್ಲ. ಅದು ಜಯಸಿಂಹನ ಮಗನಾದ ಒಂದನೆಯ ಸೋಮೇಶ್ವರನ ಕಾಲದ ಮಾತು. ದುರ್ಗಸಿಂಹನು ತನ್ನ ಗ್ರಂಥಕ್ಕೆ ವಸುಭಾಗಭಟ್ಟನ ಕೃತಿಯು ಮೂಲವೆಂದೂ, ಆ ಕಥೆಗಳು ಅದಕ್ಕೂ ಹಿಂದೆ ಗುಣಾಢ್ಯನ ‘ಬೃಹತ್ಕಥೆ’ಯಿಂದ ಬಂದುವೆಂದೂ ಸ್ಪಷ್ಟವಾಗಿ ತಿಳಿಸಿರುವನು. ಪಂಚತಂತ್ರವೆಂದೊಡನೆ ಎಲ್ಲರ ಬಾಯಿಗೂ ಬರುವುದು ವಿಷ್ಣುಶರ್ಮನ ಹೆಸರು. ಆ ಹೆಸರನ್ನೇ ಹೇಳಿದ್ದರೆ ಗ್ರಂಥಕ್ಕೆ ಗೌರವವು ಸುಲಭವಾಗಿ ದೊರೆಯುತ್ತಿದ್ದಿತು. ಯಾರ ಹೆಸರನ್ನೂ ಹೇಳದೆ ಬಿಟ್ಟಿದ್ದರೂ ರಾಜನ ಮಂತ್ರಿಯನ್ನು ಪ್ರಶ್ನಿಸುವವರು ಯಾರು? ದುರ್ಗಸಿಂಹನು ಎರಡು ದಾರಿಯನ್ನೂ ಹಿಡಿಯದೆ, ತಾನು ನಿಜವಾಗಿ ಓದಿದ ಗ್ರಂಥವನ್ನೇ ಹೆಸರಿಸಿದನು.

ಈ ಒಂದು ಪ್ರಾಮಾಣಿಕವಾದ ಮಾತಿನಿಂದ ಆದ ಪ್ರಯೋಜನವು ಅಲ್ಪವಲ್ಲ. ವಸುಭಾಗಭಟ್ಟನ ಸಂಸ್ಕೃತ ಮೂಲವು ಲುಪ್ತವಾಗಿದೆ. ಆದರೆ ಸಮುದ್ರದಾಚೆಯ ಜಾವಾ ದ್ವೀಪದಲ್ಲಿ ‘ತಂತ್ರಿ ಕಾಮಂದಕ’ವೆಂಬ ಹಳೆಯ ಕಥಾಗ್ರಂಥವೊಂದಿದ್ದು, ಅದರಲ್ಲಿ ಬಸುಭಾಗನೆಂಬ ಹೆಸರು ಬರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ವಿದ್ವಾಂಸರಾದ ಎ. ವೆಂಕಟಸುಬ್ಬಯ್ಯನವರು ದುರ್ಗಸಿಂಹನ ಕನ್ನಡ ಗ್ರಂಥವನ್ನೂ ಜಾವಾದ ಗ್ರಂಥವನ್ನೂ ಹೋಲಿಸಿ, ಎರಡೂ ವಸುಭಾಗನ ಒಂದೇ ಸಂಪ್ರದಾಯಕ್ಕೆ ಸೇರಿದವೆಂದು ತೋರಿಸಿಕೊಟ್ಟರು. ದುರ್ಗಸಿಂಹನು ಆ ಹೆಸರನ್ನು ನುಂಗಿಬಿಟ್ಟಿದ್ದರೆ ಜಾವಾದ ಬಸುಭಾಗನು ಯಾರೆಂದು ಹೇಳುವ ಸಾಕ್ಷಿಯೊಂದು ಕನ್ನಡದ ಕಡೆಯಿಂದ ದೊರೆಯುತ್ತಲೇ ಇರಲಿಲ್ಲ. ಋಣವನ್ನು ಒಪ್ಪಿಕೊಂಡದ್ದರಿಂದ ದುರ್ಗಸಿಂಹನ ಕೀರ್ತಿಗೆ ಕುಂದೇನೂ ಬರಲಿಲ್ಲ. ಸಾಲ ಕೊಟ್ಟವನ ಹೆಸರು ಮಾತ್ರ ಉಳಿಯಿತು.

ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಕಲ್ಯಾಣದಲ್ಲಿ ಆಳಿದನು. ಅವನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದು ವಿದ್ಯಾಪತಿಯೆಂಬ ಪದವಿಯನ್ನು ಪಡೆದ ಬಿಲ್ಹಣನು ಹದಿನೆಂಟು ಸರ್ಗಗಳ ‘ವಿಕ್ರಮಾಂಕದೇವಚರಿತ’ವನ್ನು ಬರೆದನು. ಅದರ ಮೊದಲ ಸರ್ಗದಲ್ಲಿಯೇ ಕಾವ್ಯಾರ್ಥಚೋರರ ಪ್ರಸಂಗವು ಬರುತ್ತದೆ. ಸಾಹಿತ್ಯಸಮುದ್ರವನ್ನು ಕಡೆದು ತೆಗೆದ ಅಮೃತವನ್ನು ಕವಿಗಳು ಎಚ್ಚರದಿಂದ ಕಾಯಬೇಕೆಂದು ಮೊದಲು ಹೇಳಿ, ಬಳಿಕ ಅವನೇ, ಕದಿಯುವವರು ಕದಿಯಲಿ, ದೇವತೆಗಳು ಎಷ್ಟು ರತ್ನಗಳನ್ನು ಒಯ್ದರೂ ಸಮುದ್ರವು ಇಂದಿಗೂ ರತ್ನಾಕರವೇ ಎಂಬ ಭಾವದಿಂದ ಸಮಾಧಾನ ಹೊಂದುವನು. ಇದು ಮಹಾಕವಿಯ ಧೈರ್ಯ. ಆದರೆ ಎಲ್ಲ ಲೇಖಕರೂ ಸಮುದ್ರಗಳಲ್ಲ. ಜನ್ಮವೆಲ್ಲ ದುಡಿದು ಒಂದೇ ಮುತ್ತನ್ನು ಕಂಡವನಿಂದ ಅದನ್ನು ಕಸಿದರೆ ಅವನಿಗೆ ಉಳಿಯುವುದೇನು?

ಬಿಲ್ಹಣನಿದ್ದ ಆ ಕಲ್ಯಾಣದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಶಾಸ್ತ್ರಗ್ರಂಥದಲ್ಲಿ ಆಕರಗಳನ್ನು ಹೇಗೆ ನಿರ್ದೇಶಿಸಬೇಕೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯು ಈ ಸೀಮೆಯಲ್ಲಿ ಮತ್ತೊಂದಿಲ್ಲ. ಆರಂಭದಲ್ಲಿಯೇ ಅವನು, ಈ ಸ್ಮೃತಿಗೆ ವಿಶ್ವರೂಪನು ಹಿಂದೆಯೇ ವಿಸ್ತಾರವಾಗಿ ವ್ಯಾಖ್ಯಾನ ಮಾಡಿರುವನೆಂದೂ, ತಾನು ಅದನ್ನು ಮಿತವಾದ ಸರಳಪದಗಳಿಂದ ಬಾಲಬೋಧೆಗಾಗಿ ವಿವರಿಸುವೆನೆಂದೂ ಹೇಳುವನು. ಹಿಂದಿನವರ ಕೆಲಸವು ಯಾವುದು, ತನ್ನದು ಯಾವುದು ಎಂಬ ಗಡಿಯು ಮೊದಲ ಪುಟದಲ್ಲಿಯೇ ನಿಂತಿತು. ಮುಂದೆ ಅಸಹಾಯ, ಮೇಧಾತಿಥಿ, ಭಾರುಚಿ, ಶ್ರೀಕರ, ಧಾರೇಶ್ವರ ಎಂಬ ಆಚಾರ್ಯರನ್ನು ಅಲ್ಲಲ್ಲಿ ಹೆಸರಿಸಿರುವನು. ಧಾರೇಶ್ವರನೆಂದರೆ ಧಾರಾನಗರದ ಭೋಜರಾಜ.

ಹೆಸರಿಸಿರುವುದು ಕೇವಲ ಸ್ತುತಿಗಾಗಿ ಅಲ್ಲ. ಪುತ್ರರಿಲ್ಲದೆ ಮೃತನಾದವನ ಸೊತ್ತಿನಲ್ಲಿ ಅವನ ವಿಧವೆಗೆ ಹಕ್ಕೇನೆಂಬ ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ನಿಯೋಗಕ್ಕೆ ಒಪ್ಪಿದವಳಿಗೆ ಮಾತ್ರ ಹಕ್ಕುಂಟೆಂದು ಧಾರೇಶ್ವರನ ಮತ. ಸೊತ್ತು ಅಲ್ಪವಾಗಿದ್ದಾಗ ಮಾತ್ರ ಅವಳಿಗೆ ಸಲ್ಲುವುದೆಂದು ಶ್ರೀಕರನೇ ಮೊದಲಾದವರ ಮತ. ವಿಜ್ಞಾನೇಶ್ವರನು ಇಬ್ಬರ ಹೆಸರನ್ನೂ ಹೇಳಿ, ಅವರವರ ವಾದವನ್ನು ಮುಂದಿಟ್ಟು, ಆಮೇಲೆ ಖಂಡಿಸಿ, ದಾಯಾದಿಗಳಿಂದ ವಿಭಕ್ತನಾಗಿ ಮತ್ತೆ ಕೂಡಿಕೊಳ್ಳದೆ ಇದ್ದ ಅಪುತ್ರನ ಸೊತ್ತೆಲ್ಲವೂ ಸಾಧ್ವಿಯಾದ ಪತ್ನಿಗೆ ಸಲ್ಲತಕ್ಕದ್ದೆಂದು ಸಿದ್ಧಾಂತ ಮಾಡಿದನು. ಪೂರ್ವಪಕ್ಷವನ್ನು ಹೆಸರಿಲ್ಲದೆ ತಿರುಚಿ ಹೇಳಿ ಗೆಲ್ಲುವುದು ಸುಲಭ. ಹೆಸರು ಹೇಳಿದ ಮೇಲೆ ಓದುಗನು ಮೂಲವನ್ನು ತೆರೆದು ನೋಡಬಹುದು. ಆದಕಾರಣ ವಾದಿಯು ನ್ಯಾಯವಾಗಿ ನಡೆಯಲೇಬೇಕಾಗುವುದು. 1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರೆಯ ದಾಯಭಾಗವನ್ನು ಇಂಗ್ಲಿಷಿಗೆ ಭಾಷಾಂತರಿಸಿದ ಮೇಲೆ ನ್ಯಾಯಸ್ಥಾನಗಳು ಈ ಗ್ರಂಥವನ್ನು ಪ್ರಮಾಣವಾಗಿ ಹಿಡಿದು ಎಷ್ಟೋ ಕುಟುಂಬಗಳ ವ್ಯಾಜ್ಯಗಳನ್ನು ತೀರ್ಮಾನಿಸಿದುವು. ಒಬ್ಬ ವಿಧವೆಯ ಅನ್ನವು ಯಾರ ಮಾತಿನ ಮೇಲೆ ನಿಂತಿದೆಯೆಂಬುದು ತಿಳಿಯಬೇಕಾದ ಸಂದರ್ಭದಲ್ಲಿ ಆಕರನಿರ್ದೇಶವು ಅಲಂಕಾರವಲ್ಲ, ಆಧಾರವೇ ಸರಿ.

ವಿಕ್ರಮಾದಿತ್ಯನ ಕಾಲವು ಮುಗಿದು ಕೆಲವು ದಶಕಗಳಾದ ಬಳಿಕ ಅದೇ ಕಲ್ಯಾಣದಲ್ಲಿ ಶಿವಶರಣರ ವಚನಗಳು ಹುಟ್ಟಿದುವು. ವಚನದ ಕೊನೆಯಲ್ಲಿ ಬರುವ ಅಂಕಿತವು ವಚನಕಾರನ ಇಷ್ಟದೈವದ ಹೆಸರು. ಹೇಳಿದ ಮಾತಿನ ಕರ್ತೃತ್ವವನ್ನು ದೇವರಿಗೆ ಒಪ್ಪಿಸುವ ಈ ವಿನಯವೇ ವಿಚಿತ್ರ ರೀತಿಯಿಂದ ಹೇಳಿದವನ ಗುರುತೂ ಆಯಿತು. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ. ಅಂಬಿಗರ ಚೌಡಯ್ಯನು ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡನು. ಆಯ್ದಕ್ಕಿ ಮಾರಯ್ಯನ ಅಂಕಿತವು ಅಮರೇಶ್ವರಲಿಂಗ. ಅವನ ಪತ್ನಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನಿಂದ ಪಡೆದುದನ್ನು ಒಪ್ಪಿಕೊಂಡೂ ತನ್ನ ಮಾತು ತನ್ನದೇ ಎಂದು ಬೇರ್ಪಡಿಸುವ ಕೆಲಸವನ್ನು ಆ ಒಂದು ಪದವು ಮಾಡುತ್ತಿದೆ.

ಬಿದ್ದ ಅಕ್ಕಿಯನ್ನು ಆಯ್ದು ಬದುಕಿದವರಿಗೂ ದೋಣಿ ನಡಸಿದವನಿಗೂ ಯಾವ ಅರಸನೂ ಪ್ರಶಸ್ತಿಯನ್ನು ಬರೆಯಿಸಲಿಲ್ಲ. ಅಂಕಿತವೊಂದು ಅಳಿದಿದ್ದರೆ ಅವರ ಮಾತು ಯಾರದೋ ದೊಡ್ಡವರ ಮಾತಾಗಿ ಸೇರಿಹೋಗುತ್ತಿದ್ದಿತು. ಹದಿನೈದನೆಯ ಶತಮಾನದಿಂದ ‘ಶೂನ್ಯಸಂಪಾದನೆ’ಯನ್ನು ಸಂಕಲಿಸಿದ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲಾದ ನಾಲ್ವರು ವಚನಗಳನ್ನು ಸಂವಾದರೂಪದಲ್ಲಿ ಹೊಸದಾಗಿ ಜೋಡಿಸಿದರೂ ಅಂಕಿತಗಳನ್ನು ಉಳಿಸಿಕೊಂಡರು. ಜೋಡಣೆಯು ಅವರದು, ಮಾತು ಶರಣರದು ಎಂಬ ಭೇದವು ಅಲ್ಲಿ ಅಳಿಸಲಿಲ್ಲ. ಓಲೆಗರಿಗಳಲ್ಲಿ ಒಂದೇ ವಚನವು ಬೇರೆ ಬೇರೆ ಅಂಕಿತಗಳಲ್ಲಿ ದೊರೆಯುವುದೂ ಉಂಟು. ಇದನ್ನೆಲ್ಲ ಕಳವೆನ್ನಲಾಗದು, ಲಿಪಿಕಾರನ ಮರವೆಯೂ ಬಾಯಿಂದ ಬಾಯಿಗೆ ಹರಿದ ಪರಂಪರೆಯೂ ಅದಕ್ಕೆ ಕಾರಣವಾಗಿರಬಹುದು. ಆದರೆ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರಿಂದ ಹಿಡಿದು ಮುಂದಿನ ಸಂಪಾದಕರೆಲ್ಲರ ಕೈಯಲ್ಲಿದ್ದ ದೀಪವು ಅಂಕಿತವೇ ಆಗಿದ್ದಿತು.

ಈ ವಿಷಯದಲ್ಲಿ ಅಂದಿನ ನೀತಿಗೂ ಇಂದಿನ ನಿಯಮಕ್ಕೂ ಇರುವ ಸಂಬಂಧವು ಆಶ್ಚರ್ಯಕರವಾದುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯವನ್ನು ತಡೆಯಲು ನಿಯಮಾವಳಿಯನ್ನು ಹೊರಡಿಸಿತು. ಅದರಂತೆ ಮಹಾಪ್ರಬಂಧದಲ್ಲಿ ಇತರರ ಬರೆಹದೊಡನೆ ಸಾಮ್ಯವು ನೂರಕ್ಕೆ 10ರವರೆಗೆ ಇದ್ದರೆ ದಂಡವಿಲ್ಲ. 10ಕ್ಕಿಂತ ಹೆಚ್ಚಾಗಿ 40ರವರೆಗೆ ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಒಪ್ಪಿಸಬೇಕು. 40ರಿಂದ 60ರವರೆಗೆ ಇದ್ದರೆ ತಿದ್ದಿದ ಪ್ರತಿಯನ್ನು ಒಪ್ಪಿಸಲು ಒಂದು ವರ್ಷದ ನಿಷೇಧ. 60ನ್ನು ಮೀರಿದರೆ ನೋಂದಣಿಯೇ ರದ್ದು. ಆಕರವನ್ನು ಸರಿಯಾಗಿ ಹೆಸರಿಸಿ ಉದ್ಧರಿಸಿದ ಭಾಗವು ಈ ಎಣಿಕೆಗೆ ಬರುವುದಿಲ್ಲ. ಎಣಿಕೆಯ ಕೆಲಸವನ್ನು ಗಣಕಯಂತ್ರವು ಮಾಡುತ್ತದೆ. ರಾಜಶೇಖರನು ಹೇಳಿದ ಶಬ್ದಹರಣವನ್ನು ಯಂತ್ರವು ಹಿಡಿಯಬಲ್ಲುದು. ಪದಗಳನ್ನೆಲ್ಲ ಬದಲಿಸಿ ವಿಚಾರವನ್ನು ಮಾತ್ರ ಹೊತ್ತುಕೊಂಡು ಹೋಗುವ ಅರ್ಥಹರಣವು ಅದರ ಬಲೆಗೆ ಸುಲಭವಾಗಿ ಬೀಳದು. ಅಲ್ಲಿಗೆ ಬಾಣನು ಹೇಳಿದ ಸಜ್ಜನರೇ ಬೇಕು. ಅಂದರೆ ಮೂಲವನ್ನೂ ಓದಿದ ಓದುಗರು ಬೇಕು.

ಅಂಥ ಓದುಗನಿಗೆ ಕಾಣುವ ಗುರುತುಗಳು ಕೆಲವಿವೆ. ಒರಟಾಗಿ ಸಾಗುತ್ತಿದ್ದ ಶೈಲಿಯು ಒಮ್ಮೆಲೇ ಪ್ರೌಢವಾಗಿ ಮತ್ತೆ ಒರಟಾಗುವುದು, ಹಿಂದೆ ಎಲ್ಲಿಯೂ ಬಾರದ ಪರಿಭಾಷೆಯು ವಿವರಣೆಯಿಲ್ಲದೆ ಬಂದು ಕೂರುವುದು, ಮೂಲದ ತಪ್ಪು ತಿಥಿಯೂ ತಪ್ಪು ಅಕ್ಷರವೂ ಹಾಗೆಯೇ ಮರಳಿ ಕಾಣಿಸುವುದು ಇತ್ಯಾದಿ. ಒಬ್ಬರ ಸತ್ಯವನ್ನು ಇಬ್ಬರು ಸ್ವತಂತ್ರವಾಗಿ ಕಾಣಬಹುದು. ಒಬ್ಬರ ತಪ್ಪನ್ನು ಇಬ್ಬರು ಅದೇ ಸ್ಥಳದಲ್ಲಿ ಮಾಡುವುದು ವಿರಳ.

ದೋಷದಿಂದ ದೂರವಿರುವ ದಾರಿಯೂ ಕಠಿಣವಲ್ಲ. ಓದುವಾಗಲೇ ಟಿಪ್ಪಣಿಯ ಪಕ್ಕದಲ್ಲಿ ಗ್ರಂಥದ ಹೆಸರು, ಕರ್ತೃ, ಮುದ್ರಣದ ವರ್ಷ, ಪುಟಸಂಖ್ಯೆಗಳನ್ನು ಬರೆದಿಡಬೇಕು. ದುರುದ್ದೇಶವಿಲ್ಲದೆ ಟಿಪ್ಪಣಿಯ ಅಶ್ರದ್ಧೆಯಿಂದ ಆಗುವ ಕಳವುಗಳೂ ಉಂಟು. ಮೂಲದ ಮಾತನ್ನೇ ತೆಗೆದುಕೊಂಡರೆ ಉದ್ಧರಣಚಿಹ್ನೆಯೊಳಗೆ ಇಡಬೇಕು. ಅಭಿಪ್ರಾಯವನ್ನು ಸ್ವಂತ ಮಾತಿನಲ್ಲಿ ಹೇಳಿದರೂ ಅಭಿಪ್ರಾಯವು ಯಾರದೆಂದು ಸೂಚಿಸಬೇಕು. ಇನ್ನೊಬ್ಬರ ಪುಸ್ತಕದಲ್ಲಿ ಕಂಡ ಉಲ್ಲೇಖವನ್ನು ಮೂಲವನ್ನೇ ಓದಿದಂತೆ ತೋರಿಸದೆ, ಕಂಡ ಪುಸ್ತಕವನ್ನೂ ಹೆಸರಿಸಬೇಕು; ದುರ್ಗಸಿಂಹನು ಗುಣಾಢ್ಯನೊಬ್ಬನನ್ನೇ ಹೆಸರಿಸದೆ ವಸುಭಾಗನನ್ನೂ ಹೆಸರಿಸಿದುದು ಹೀಗೆಯೇ. ಆದರೆ ಸೂರ್ಯನು ಪೂರ್ವದಲ್ಲಿ ಉದಯಿಸುವನೆಂಬುದಕ್ಕೆ ಆಕರವು ಬೇಕಿಲ್ಲ. ಎಲ್ಲರೂ ಬಲ್ಲ ಮಾತು ಎಲ್ಲರ ಸೊತ್ತು.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆಯು ಮನೆಮನೆಯಲ್ಲಿಯೂ ಇದೆ. ಜಾತ್ರೆಯನ್ನು ಮಾಡಬಾರದೆಂದು ಆ ಗಾದೆಯ ಅರ್ಥವಲ್ಲ. ದುಡ್ಡು ಕೊಟ್ಟವರನ್ನು ಮರೆಯಬಾರದೆಂದು ಅರ್ಥ. ಕಲ್ಯಾಣದ ಅರಮನೆಗಳು ಬಿದ್ದುಹೋದುವು. ವಿಕ್ರಮಾದಿತ್ಯನ ಸಭಾಮಂಟಪವು ಎಲ್ಲಿತ್ತೆಂದು ತೋರಿಸುವುದೂ ಇಂದು ಕಷ್ಟ. ವಸುಭಾಗನ ಹೆಸರು, ಶ್ರೀಕರನ ವಾದ, ಲಕ್ಕಮ್ಮನ ಮಾತು ಇವು ಉಳಿದಿವೆ. ಬರೆಯುವವರು ಒಂದು ಸಾಲನ್ನು ಹೆಚ್ಚಾಗಿ ಬರೆದು ಅವರನ್ನು ನೆನೆದುದೇ ಇದಕ್ಕೆ ಕಾರಣ. ಇಂದು ನಿರ್ಣೆಯ ಶಾಲೆಯಲ್ಲಿ ಪ್ರಬಂಧ ಬರೆಯಲು ಕಲಿಯುವ ಬಾಲಕನೂ, ವಿಶ್ವವಿದ್ಯಾಲಯದಲ್ಲಿ ಮಹಾಪ್ರಬಂಧವನ್ನು ಸಿದ್ಧಪಡಿಸುವ ವಿದ್ಯಾರ್ಥಿನಿಯೂ ಆ ಒಂದು ಸಾಲನ್ನು ಬರೆಯಲು ಮರೆಯದಿದ್ದರೆ, ತಮ್ಮ ಸೀಮೆಯ ಹಿರಿಯರ ಪದ್ಧತಿಯನ್ನೇ ನಡಸಿದಂತಾಗುವುದು.